ಯಾವಾಗ ಎಂಬ ಪ್ರಶ್ನೆ

ಅಷ್ಟಾವಧಾನ ಎಂದರೆ ಹೈದರಾಬಾದಿನ ಸಭಾಂಗಣಗಳಿಗೆ ಇವತ್ತಿಗೂ ಜನ ಬರುತ್ತಾರೆ. ಸಮಸ್ಯೆ, ದತ್ತಪದಿ, ನಿಷೇಧಾಕ್ಷರಿ ಎಂಬ ಪದ್ಯರಚನೆಯ ಸವಾಲುಗಳ ನಡುವೆ ಕೆಲವು ಅವಧಾನಿಗಳು ವಾರಗಣನೆಯನ್ನೂ ಇಟ್ಟುಕೊಳ್ಳುವುದುಂಟು. ಪ್ರಶ್ನೆ ಕೇಳುವ ಪೃಚ್ಛಕರೊಬ್ಬರು ಮಧ್ಯದಲ್ಲಿ ಎದ್ದು ಯಾವುದೋ ಒಂದು ತಾರೀಖು ಎಸೆಯುತ್ತಾರೆ. 1908ರ ಸೆಪ್ಟೆಂಬರ್ 28 ಎಂದಿಟ್ಟುಕೊಳ್ಳಿ. ಪದ್ಯದ ಪಾದ ಕಟ್ಟುತ್ತಿದ್ದ ಅವಧಾನಿ ಒಂದು ಗಳಿಗೆ ಸುಮ್ಮನಾಗಿ, ಸೋಮವಾರ ಎಂದು ಹೇಳಿ ಮತ್ತೆ ಪದ್ಯಕ್ಕೆ ಮರಳುತ್ತಾರೆ. ಸಭೆಯಲ್ಲಿ ಚಪ್ಪಾಳೆ.

ಇದು ನೆನಪಲ್ಲ, ಲೆಕ್ಕ. ಶತಮಾನಕ್ಕೊಂದು, ವರ್ಷಕ್ಕೊಂದು, ತಿಂಗಳಿಗೊಂದು ಅಂಕಿ ಹಿಡಿದು, ತಾರೀಖನ್ನೂ ಕೂಡಿಸಿ, ಏಳರಿಂದ ಭಾಗಿಸಿದರೆ ಉಳಿಯುವ ಶೇಷವೇ ವಾರ. ಪಟ್ಟು ಹಿಡಿದು ಕೂತರೆ ಹೈಸ್ಕೂಲು ಹುಡುಗನೂ ಕಲಿತಾನು. ಅವಧಾನಿಯ ಹೆಚ್ಚುಗಾರಿಕೆ ಇರುವುದು ಪದ್ಯದ ಎಳೆ ಕಡಿಯದಂತೆ ಈ ಲೆಕ್ಕವನ್ನು ನಡುವೆ ತೂರಿಸುವುದರಲ್ಲಿ, ಕೊನೆಗೆ ಧಾರಣೆಯಲ್ಲಿ ಎಲ್ಲ ಪದ್ಯಗಳನ್ನೂ ಒಪ್ಪಿಸುವುದರಲ್ಲಿ. ಆ ಸೋಮವಾರ ಮೂಸಿ ನದಿ ಉಕ್ಕಿ ಹೈದರಾಬಾದಿನ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು ಎಂಬುದು ಲೆಕ್ಕಕ್ಕೆ ಬೇಕಾದ ಸಂಗತಿಯೇ ಅಲ್ಲ.

ತಾರೀಖು ಹೇಳಿದ ಕೂಡಲೇ ವಾರ ಹೇಳುವ ಇನ್ನೊಂದು ಬಗೆಯ ಜನ ಇದ್ದಾರೆ. ಅವರಿಗೆ ಲೆಕ್ಕ ಬಾರದು. ಹುಟ್ಟುವ ಮೊದಲಿನ ತಾರೀಖು ಕೇಳಿದರೆ ಕೈಚೆಲ್ಲುತ್ತಾರೆ. ತಾವು ಬದುಕಿದ ದಿನವಾಗಿದ್ದರೆ ಮಾತ್ರ ವಾರದ ಜೊತೆಗೆ ಅಂದು ಮಧ್ಯಾಹ್ನ ಯಾರ ಮನೆಯಲ್ಲಿದ್ದೆವು, ಮಳೆ ಬಂತೋ ಇಲ್ಲವೋ, ಯಾರೊಡನೆ ಜಗಳವಾಯಿತು ಎಂಬುದೂ ಬರುತ್ತದೆ.

ವಿಜ್ಞಾನಕ್ಕೆ ಇಂಥವರ ಪರಿಚಯವಾದದ್ದು ಒಂದು ಇ-ಮೇಲ್‌ನಿಂದ. 2000ದ ಜೂನ್‌ನಲ್ಲಿ ಜಿಲ್ ಪ್ರೈಸ್ ಎಂಬ 34 ವರ್ಷದ ಮಹಿಳೆ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕೇಂದ್ರದಲ್ಲಿದ್ದ ನರವಿಜ್ಞಾನಿ ಜೇಮ್ಸ್ ಮೆಕ್‌ಗಾ ಅವರಿಗೆ ಬರೆದರು. ನನ್ನ ನೆನಪು ಚೆನ್ನಾಗಿದೆ ಎಂಬ ಹೆಮ್ಮೆಯ ಪತ್ರವಲ್ಲ ಅದು. ಹಳೆಯ ದಿನಗಳು ತಲೆಯೊಳಗೆ ಬಿಡುವಿಲ್ಲದೆ ಓಡುತ್ತಿವೆ, ಸುಸ್ತಾಗಿದ್ದೇನೆ ಎಂಬ ದೂರು. ಮೆಕ್‌ಗಾ, ಎಲಿಜಬೆತ್ ಪಾರ್ಕರ್, ಲ್ಯಾರಿ ಕಾಹಿಲ್ ಮೂವರೂ ಅವರನ್ನು ವರ್ಷಗಟ್ಟಲೆ ಪರೀಕ್ಷಿಸಿದರು. 2006ರಲ್ಲಿ ಹೆಸರು ಮರೆಮಾಡಿ, ಎ.ಜೆ. ಎಂಬ ಎರಡಕ್ಷರದಡಿ ವರದಿ ಪ್ರಕಟಿಸಿದರು. 2008ರಲ್ಲಿ ಪ್ರೈಸ್ ತಾವೇ ಪುಸ್ತಕ ಬರೆದು ಹೆಸರು ಹೇಳಿಕೊಂಡರು.

ಆ ಪರೀಕ್ಷೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಈಸ್ಟರ್ ಹಬ್ಬದ್ದು. ಈಸ್ಟರ್ ವರ್ಷ ವರ್ಷ ಬೇರೆ ಬೇರೆ ತಾರೀಖಿಗೆ ಬೀಳುತ್ತದೆ. 2003ರಲ್ಲಿ ಒಂದು ದಿನ ಮುನ್ಸೂಚನೆಯಿಲ್ಲದೆ, 1980ರಿಂದ ಈಚಿನ ಎಲ್ಲ ಈಸ್ಟರ್‌ಗಳ ತಾರೀಖು ಬರೆಯಿರಿ ಎಂದು ಪ್ರೈಸ್‌ಗೆ ಹೇಳಿದರು. ಹತ್ತು ನಿಮಿಷದಲ್ಲಿ 24 ತಾರೀಖು ಬಂದವು. ಒಂದು ಮಾತ್ರ ಎರಡು ದಿನ ತಪ್ಪಿತ್ತು. ಪ್ರತಿ ತಾರೀಖಿನ ಎದುರು ಅಂದು ತಾನು ಏನು ಮಾಡಿದೆ ಎಂಬ ಟಿಪ್ಪಣಿಯೂ ಇತ್ತು. ಆಕೆ ಯಹೂದಿ, ಈಸ್ಟರ್ ಅವರ ಮನೆಯ ಹಬ್ಬವೇ ಅಲ್ಲ. ಹತ್ತನೆಯ ವಯಸ್ಸಿನಿಂದ ಡೈರಿ ಬರೆಯುತ್ತಿದ್ದರಾದ್ದರಿಂದ ತಾಳೆ ನೋಡುವುದಕ್ಕೂ ದಾರಿಯಿತ್ತು. ಅವರೇ ಹೇಳುವಂತೆ 1980ರ ಫೆಬ್ರವರಿ 5, ಮಂಗಳವಾರದಿಂದ ಈಚೆಗೆ ಒಂದು ದಿನವೂ ಬಿಟ್ಟುಹೋಗಿಲ್ಲ. ಇಷ್ಟಾಗಿಯೂ ಶಾಲೆಯಲ್ಲಿ ಅವರು ಸಾಧಾರಣ ವಿದ್ಯಾರ್ಥಿನಿ. ಬಾಯಿಪಾಠ ಎಂದರೆ ಆಗದು.

ಬಾಯಿಪಾಠದ ಮಾತು ಬಂದದ್ದರಿಂದ ನಮ್ಮ ಮಂಗಳೂರಿನ ಒಂದು ಪ್ರಸಂಗ ಹೇಳಿಬಿಡುತ್ತೇನೆ. 1981ರ ಜುಲೈ 5ರಂದು ಆ ಊರಿನಲ್ಲಿ ರಾಜನ್ ಮಹದೇವನ್ ಎಂಬ ತರುಣ, 'ಪೈ' ಸಂಖ್ಯೆಯ 31,811 ಅಂಕಿಗಳನ್ನು ತಪ್ಪಿಲ್ಲದೆ ಒಪ್ಪಿಸಿ ಗಿನ್ನೆಸ್ ಪುಸ್ತಕ ಸೇರಿದರು. ಮುಂದೆ ಅಮೆರಿಕಕ್ಕೆ ಓದಲು ಹೋದಾಗ ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು ಅವರ ನೆನಪನ್ನು ವರ್ಷಗಟ್ಟಲೆ ಅಳೆದು ಒಂದು ಪುಸ್ತಕವನ್ನೇ ಬರೆದರು. 1992ರಲ್ಲಿ ಇರ್ವಿಂಗ್ ಬೀಡರ್‌ಮನ್ ಮತ್ತು ಸಂಗಡಿಗರು ಅಂಕಿ ಬಿಟ್ಟು ಬೇರೆ ಪರೀಕ್ಷೆ ಕೊಟ್ಟರು. ಕೆಲವು ವಸ್ತುಗಳ ಚಿತ್ರ ತೋರಿಸಿ, ಯಾವುದು ಎಲ್ಲಿತ್ತು, ಯಾವ ಕಡೆಗೆ ಮುಖಮಾಡಿತ್ತು ಎಂದು ಕೇಳಿದರು. ಅಂಕಿಗಳ ದೈತ್ಯ ಇಲ್ಲಿ ನಮ್ಮ ನಿಮ್ಮಂತೆಯೇ ಆದರು. ನೆನಪು ಎಂಬುದು ಒಂದೇ ಶಕ್ತಿಯಲ್ಲ. ಮಹದೇವನ್ ಅವರ ಅಂಕಿ, ಅವಧಾನಿಯ ಧಾರಣೆ, ಪ್ರೈಸ್ ಅವರ ದಿನಗಳು ಮೂರೂ ಬೇರೆ ಬೇರೆ. ಮೊದಲ ಎರಡಕ್ಕೆ ಸಾಧನೆ ಬೇಕು, ಉದ್ದೇಶ ಬೇಕು. ಮೂರನೆಯದು ಯಾರೂ ಕೇಳದೆ ಬಂದು ಕೂರುತ್ತದೆ.

2010ರ ಡಿಸೆಂಬರ್‌ನಲ್ಲಿ ಅಮೆರಿಕದ ದೂರದರ್ಶನದಲ್ಲಿ ಈ ವಿಷಯ ಬಂದಮೇಲೆ ಅರ್ವೈನ್ ತಂಡಕ್ಕೆ ನನಗೂ ಹಾಗೆಯೇ ಎಂದು ಹೇಳುವವರು ನೂರಾರು ಮಂದಿ ಸಿಕ್ಕರು. ಜರಡಿ ಹಿಡಿಯುವ ಕ್ರಮ ಹೀಗಿತ್ತು: ಮೊದಲು ಪ್ರಸಿದ್ಧ ಘಟನೆಗಳ ತಾರೀಖು ಕೇಳುವುದು, ಅದರಲ್ಲಿ ಗೆದ್ದವರಿಗೆ ಅವರ ಬದುಕಿನ ಅವಧಿಯಿಂದ ಕಂಡಕಂಡ ಹತ್ತು ತಾರೀಖು ಹೆಕ್ಕಿ ವಾರ, ಆ ಸುಮಾರಿನ ಸುದ್ದಿ, ಸ್ವಂತ ಸಂಗತಿ ಮೂರನ್ನೂ ಕೇಳುವುದು. ಬಹುಪಾಲು ಜನ ಮೊದಲ ಸುತ್ತಿನಲ್ಲೇ ಉದುರಿದರು. ಅರೋರಾ ಲೆಪೋರ್ಟ್ ಮತ್ತು ಸಹೋದ್ಯೋಗಿಗಳ 2012ರ ಪ್ರಬಂಧದಲ್ಲಿ ಉಳಿದವರು 11 ಜನ. ಅಂಕಿಗಳ ಸಾಲು ಒಪ್ಪಿಸುವಂಥ ಪ್ರಯೋಗಾಲಯದ ಮಾಮೂಲಿ ಪರೀಕ್ಷೆಗಳಲ್ಲಿ ಇವರಲ್ಲಿ ಅಂಥ ವಿಶೇಷವೇನೂ ಕಾಣಲಿಲ್ಲ. 2016ರ ಇನ್ನೊಂದು ಅಧ್ಯಯನ ಮತ್ತೂ ಸೋಜಿಗದ್ದು. ವಾರದ ಹಿಂದಿನ ದಿನದ ಬಗ್ಗೆ ಕೇಳಿದರೆ ಇವರಿಗೂ ಉಳಿದವರಿಗೂ ಹೆಚ್ಚೇನೂ ವ್ಯತ್ಯಾಸವಿಲ್ಲ. ತಿಂಗಳು, ವರ್ಷ ಕಳೆದಮೇಲೆ ನಮ್ಮದು ಕರಗಿಹೋಗಿರುತ್ತದೆ, ಅವರದು ಹಾಗೆಯೇ ಕೂತಿರುತ್ತದೆ. ಎಂದರೆ ಇವರು ನಮಗಿಂತ ಹೆಚ್ಚು ಒಳಕ್ಕೆ ಎಳೆದುಕೊಳ್ಳುವವರಲ್ಲ, ಹೊರಕ್ಕೆ ಬಿಡದವರು.

ಇವರ ನಿಜವಾದ ಬೆರಗು ಏನೆಂದು ತಿಳಿಯಬೇಕಾದರೆ, ನಮ್ಮಂಥವರ ನೆನಪು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತನ್ನ ಮೇಲೆಯೇ ಪ್ರಯೋಗಿಸಿ ನೋಡಿದ ಒಬ್ಬ ಡಚ್ ಮನಶ್ಶಾಸ್ತ್ರಜ್ಞನನ್ನು ಕೇಳಬೇಕು. ವಿಲ್ಲೆಮ್ ವಾಗೆನಾರ್ ಆರು ವರ್ಷ ಕಾಲ ದಿನವೂ ತನ್ನ ಬದುಕಿನ ಒಂದೆರಡು ಘಟನೆಗಳನ್ನು ಬರೆದಿಟ್ಟ. ಸುಮಾರು 2,400 ಘಟನೆಗಳು. ಪ್ರತಿಯೊಂದಕ್ಕೂ ನಾಲ್ಕು ಅಂಕಣ: ಏನು, ಯಾರು, ಎಲ್ಲಿ, ಯಾವಾಗ. ಆಮೇಲೆ ಒಂದೊಂದೇ ಅಂಕಣ ತೆರೆದು ಉಳಿದದ್ದು ನೆನಪಾಗುತ್ತದೆಯೇ ಎಂದು ಪರೀಕ್ಷಿಸಿಕೊಂಡ. ಏನಾಯಿತು ಎಂಬ ಸುಳಿವು ಎಲ್ಲಕ್ಕಿಂತ ಹೆಚ್ಚು ನೆರವಾಯಿತು. ಯಾರು, ಎಲ್ಲಿ ಎಂಬವೂ ಪರವಾಗಿಲ್ಲ. ಯಾವಾಗ ಎಂಬುದೊಂದನ್ನೇ ಕೊಟ್ಟರೆ ಹೆಚ್ಚುಕಡಿಮೆ ಏನೂ ಬರಲಿಲ್ಲ. 1986ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ನೀವೇ ನೋಡಿ. ಹೋದ ವರ್ಷದ ಜುಲೈ 14 ಎಂದರೆ ಏನು ತೋಚುತ್ತದೆ? ಅದೇ, ಚಾರ್‌ಮಿನಾರ್ ಹತ್ತಿರ ನೆಂಟರೊಬ್ಬರಿಗೆ ಬಳೆ ಕೊಡಿಸಿದ್ದು ಎಂದರೆ ಇಡೀ ಮಧ್ಯಾಹ್ನ ಎದ್ದು ಬರುತ್ತದೆ. ತಾರೀಖು ನಮ್ಮ ನೆನಪಿನ ತೀರ ದುರ್ಬಲವಾದ ಹಿಡಿಕೆ. ಪ್ರೈಸ್‌ನಂಥವರಿಗೆ ಅದೇ ಎಲ್ಲಕ್ಕಿಂತ ಗಟ್ಟಿ. ಅವರಲ್ಲಿ ಅನೇಕರು ಮಲಗುವ ಮುಂಚೆ ಇದೇ ತಾರೀಖಿನಂದು ಹಿಂದಿನ ಒಂದೊಂದು ವರ್ಷ ಏನಾಯಿತು ಎಂದು ತಿರುವಿಹಾಕುತ್ತಾರಂತೆ. ನನ್ನ ಮಟ್ಟಿಗೆ ಈ ಅಸಾಧಾರಣತೆಯ ತಿರುಳು ಇಲ್ಲಿದೆ. ನೆನಪಿನ ಪ್ರಮಾಣ ಆಮೇಲಿನ ಮಾತು.

ಹೀಗೆಂದಾಗ ಏಳುವ ಪ್ರಶ್ನೆ ಹೈದರಾಬಾದಿಗೆ ಬಂದರೆ ಚೂಪಾಗುತ್ತದೆ: ಯಾವ ತಾರೀಖು?

ನಿಜಾಮರ ರಾಜ್ಯದಲ್ಲಿ ಸರ್ಕಾರಿ ಕಾಗದಪತ್ರ ನಡೆಯುತ್ತಿದ್ದದ್ದು ಫಸಲಿ ವರ್ಷದಲ್ಲಿ. ಅಕ್ಟೋಬರ್ ಮೊದಲ ವಾರದಲ್ಲಿ ಆಜರ್ ತಿಂಗಳಿಂದ ಅದರ ಆರಂಭ. ಆಮೇಲೆ ದೈ, ಬಹಮನ್ ಹೀಗೆ ಪಾರಸಿ ಹೆಸರುಗಳು. ಇಸವಿಯಲ್ಲಿ 590 ಅಥವಾ 591 ಕಳೆದರೆ ಫಸಲಿ ಸಿಗುತ್ತದೆ. ಮೂಸಿಯ ಮಹಾಪೂರ ಬಂದದ್ದು ಫಸಲಿ 1317ರ ಕೊನೆಯ ದಿನಗಳಲ್ಲಿ. ರಮ್ಜಾನ್, ಮೊಹರಂಗೆ ಹಿಜರಿ. ಮದುವೆ ಮುಂಜಿಗೆ ಪಂಚಾಂಗ. ಬ್ರಿಟಿಷ್ ರೆಸಿಡೆನ್ಸಿಯ ಜೊತೆಗಿನ ವ್ಯವಹಾರಕ್ಕೆ, ಸಿಕಂದರಾಬಾದಿನ ದಂಡಿಗೆ ಇಂಗ್ಲಿಷ್ ಕ್ಯಾಲೆಂಡರ್. ಕಲಬುರಗಿ, ಬೀದರ್, ರಾಯಚೂರುಗಳಿಂದ ನೌಕರಿಗೆ, ಓದಿಗೆ ಬಂದು ಕಾಚಿಗೂಡದ ಕಡೆ ನೆಲೆಸಿದ ಕನ್ನಡಿಗ ಮನೆಯೊಂದರಲ್ಲಿ ಇವು ನಾಲ್ಕೂ ಒಟ್ಟಿಗೆ ಓಡುತ್ತಿದ್ದವು. ಅಂಥ ಮನೆಯಲ್ಲಿ ಪ್ರೈಸ್‌ನಂಥ ಹುಡುಗಿಯೊಬ್ಬಳು ಹುಟ್ಟಿದ್ದರೆ ಅವಳ ದಿನಗಳು ಯಾವ ಸಾಲಿನಲ್ಲಿ ಜೋಡಿಸಿಕೊಳ್ಳುತ್ತಿದ್ದವು? ಬಹಮನ್ ಏಳರಲ್ಲೋ, ಮಾರ್ಗಶಿರ ಬಹುಳ ತದಿಗೆಯಲ್ಲೋ?

ಅದಕ್ಕೂ ಮಿಗಿಲಾಗಿ, ಆ ಭಾಗದ ಹಿರಿಯರು ತಾರೀಖನ್ನೇ ಮುಟ್ಟದೆ ಕಾಲ ಹೇಳುವುದನ್ನು ಕೇಳಿದವರಿಗೆ ಗೊತ್ತು. "ರಜಾಕಾರರ ಕಾಲ್ದಾಗ ನಮ್ಮಪ್ಪ ಬಾರ್ಶಿಗಿ ಹೋಗಿದ್ದ", "ಪೊಲೀಸ್ ಆಕ್ಷನ್ ಆದಮ್ಯಾಲೆ ನಮ್ಮಕ್ಕನ ಲಗ್ನ ಆತು". ಪೊಲೀಸ್ ಆಕ್ಷನ್ ಎಂಬ ಸೇನಾ ಕಾರ್ಯಾಚರಣೆಯಿಂದ ನಿಜಾಮರ ಆಳ್ವಿಕೆ ಮುಗಿದ 1948ರ ಸೆಪ್ಟೆಂಬರ್ 17 ಅವರಿಗೆ ತಾರೀಖಲ್ಲ, ಒಂದು ಗಡಿಕಲ್ಲು.

ಈ ಬಗೆಯ ಕಾಲಗಣನೆಯನ್ನು ಕೆನಡಾದ ನಾರ್ಮನ್ ಬ್ರೌನ್ ಮತ್ತು ಅವರ ಸಹೋದ್ಯೋಗಿಗಳು ಬೇರೆ ಬೇರೆ ದೇಶಗಳಲ್ಲಿ ಅಳೆದರು. ಜನರಿಗೆ ಒಂದೊಂದು ಪದ ಕೊಟ್ಟು ಸ್ವಂತ ನೆನಪು ಹೇಳಿಸಿ, ಆಮೇಲೆ ಅದು ಯಾವಾಗ ನಡೆಯಿತು ಎಂದು ಬಾಯಿಬಿಟ್ಟು ಯೋಚಿಸುತ್ತ ಕಂಡುಹಿಡಿಯಿರಿ ಎಂದರು. ಬೋಸ್ನಿಯಾದವರು ಮತ್ತೆ ಮತ್ತೆ ಯುದ್ಧಕ್ಕೆ ಮುಂಚೆ, ಯುದ್ಧದ ಕಾಲದಲ್ಲಿ, ಆಮೇಲೆ ಎಂದರು. ನ್ಯೂಯಾರ್ಕಿನವರು 2001ರ ಸೆಪ್ಟೆಂಬರ್ 11ನ್ನು ಹೆಚ್ಚುಕಡಿಮೆ ಎತ್ತಲೇ ಇಲ್ಲ. ಆ ದಿನ ಅವರಿಗೆ ಮರೆತಿದೆ ಎಂದಲ್ಲ. ಅದು ಅವರ ದಿನಬಳಕೆಯ ಬದುಕನ್ನು ತಲೆಕೆಳಗು ಮಾಡಲಿಲ್ಲ. ಎಲ್ಲಿ ಮಲಗುತ್ತೇವೆ, ಏನು ತಿನ್ನುತ್ತೇವೆ, ಯಾವ ದುಡ್ಡಿನಲ್ಲಿ ಕೊಳ್ಳುತ್ತೇವೆ ಎಂಬುದನ್ನೇ ಬದಲಿಸಿದ ಘಟನೆ ಮಾತ್ರ ನೆನಪಿನ ಗಡಿಕಲ್ಲಾಗುತ್ತದೆ ಎಂಬುದು 2009ರ ಆ ಪ್ರಬಂಧದ ವಾದ.

ಹೈದರಾಬಾದಿಗೆ ಇದನ್ನು ಹಚ್ಚಿ ನೋಡಿದರೆ ನನಗೆ ಹೀಗೆ ಅನಿಸುತ್ತದೆ. ಪೊಲೀಸ್ ಕಾರ್ಯಾಚರಣೆಯಾದ ಮೇಲೆ ಕೆಲವೇ ವರ್ಷಗಳಲ್ಲಿ ಕಚೇರಿಯ ಭಾಷೆ, ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯ ಮಾಧ್ಯಮ, ಹಾಲಿ ಸಿಕ್ಕಾ ಎಂಬ ನಾಣ್ಯ, ಜಾಗೀರು ಎಲ್ಲವೂ ಹೋದವು. 1956ರ ನವೆಂಬರ್ 1ರಂದು ಕನ್ನಡದ ಜಿಲ್ಲೆಗಳು ಮೈಸೂರಿಗೆ ಸೇರಿ, ಕಾಚಿಗೂಡದ ಕನ್ನಡಿಗರು ಕುಳಿತಲ್ಲೇ ಬೇರೆ ರಾಜ್ಯದವರಾದರು. ಇವು ಗಡಿಕಲ್ಲುಗಳಾಗುವುದು ಸಹಜ. 2007ರ ಆಗಸ್ಟ್ 25ರ ಶನಿವಾರ ಸಂಜೆ ಲುಂಬಿನಿ ಪಾರ್ಕಿನಲ್ಲೂ ಕೋಠಿಯ ಗೋಕುಲ್ ಚಾಟ್‌ನಲ್ಲೂ ಬಾಂಬು ಸಿಡಿದಾಗ ತಾವೆಲ್ಲಿದ್ದೆವು ಎಂದು ಊರಿನ ಎಷ್ಟೋ ಜನ ಹೇಳಬಲ್ಲರು. ಮಗಳ ಮದುವೆ ಯಾವಾಗ ಎಂಬುದಕ್ಕೆ ಮಾತ್ರ ಅದನ್ನು ಗುರುತಾಗಿ ಬಳಸುವವರು ಕಡಿಮೆ, ಆ ಸಂಜೆ ಸ್ವಂತದವರನ್ನು ಕಳೆದುಕೊಂಡವರ ಹೊರತು.

ಮೂಸಿಯ ಪೂರ ಊರಿನ ಗಡಿಕಲ್ಲು, ಸ್ವಂತದ ಸಾವುನೋವು ಎರಡೂ ಆಗಿತ್ತು. ಉರ್ದು ರುಬಾಯಿಗಳಿಗೆ ಹೆಸರಾದ ಅಮ್ಜದ್ ಹೈದರಾಬಾದಿ ಆ ದಿನ ತಾಯಿ, ಹೆಂಡತಿ, ಮಗಳು ಮೂವರನ್ನೂ ನೀರಿಗೆ ಕಳೆದುಕೊಂಡು ತಾನೊಬ್ಬನೇ ಉಳಿದ. ಆ ಅನುಭವವನ್ನು ನೀಳ್ಗವಿತೆಯಾಗಿ ಬರೆದ. ಉಸ್ಮಾನಿಯಾ ಆಸ್ಪತ್ರೆಯ ಆವರಣದ ಹುಣಿಸೆ ಮರ ಹತ್ತಿ ನೂರೈವತ್ತರಷ್ಟು ಜನ ಬದುಕಿದರೆಂದು ಊರು ಹೇಳುತ್ತದೆ. ಈಗಲೂ ಸೆಪ್ಟೆಂಬರ್ 28ಕ್ಕೆ ಅದರಡಿ ಜನ ಸೇರುತ್ತಾರೆ. ಅದೇ ಪೂರದ ಕಾರಣಕ್ಕೆ 1909ರಲ್ಲಿ ನಮ್ಮ ವಿಶ್ವೇಶ್ವರಯ್ಯನವರು ಈ ಊರಿಗೆ ಬಂದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಅವರ ಯೋಜನೆಯ ಫಲ. ತೊಂಬತ್ತರ ಹರೆಯದಲ್ಲಿ ಪ್ರಕಟಿಸಿದ ಆತ್ಮಕಥನದಲ್ಲಿ ಅವರು ಇದನ್ನೆಲ್ಲ ಎಂಜಿನಿಯರರಂತೆಯೇ ಬರೆದಿದ್ದಾರೆ. ಅಮ್ಜದ್‌ನ ನೆನಪನ್ನೂ ವಿಶ್ವೇಶ್ವರಯ್ಯನವರ ನೆನಪನ್ನೂ ಒಂದೇ ಪಟ್ಟಿಯಿಂದ ಅಳೆಯುವ ಪರೀಕ್ಷೆ ನನಗಂತೂ ಕಾಣದು.

ತಾರೀಖು ಗಟ್ಟಿಯಾಗಿದೆ ಎಂದರೆ ನೆನಪೂ ನಿಜ ಎಂದು ನಂಬಿಬಿಡಬಾರದು. 2013ರಲ್ಲಿ ಲಾರೆನ್ಸ್ ಪಟಿಹಿಸ್ ಮತ್ತು ಸಂಗಡಿಗರು ಇಂಥ 20 ಜನರನ್ನೂ ಸಾಮಾನ್ಯರಾದ 38 ಜನರನ್ನೂ ಒಟ್ಟಿಗೆ ಬಲೆಗೆ ಕೆಡವಲು ನೋಡಿದರು. ಹಾಸಿಗೆ, ದಿಂಬು, ಕನಸು ಎಂಬಂಥ ಪದಗಳ ಪಟ್ಟಿ ತೋರಿಸಿ, ಅದರಲ್ಲಿ ಇಲ್ಲದ ನಿದ್ದೆ ಎಂಬ ಪದ ಇತ್ತೇ ಎಂದು ಕೇಳುವುದು ಒಂದು ಉಪಾಯ. 2001ರ ಸೆಪ್ಟೆಂಬರ್ 11ರಂದು ಪೆನ್ಸಿಲ್ವೇನಿಯಾದಲ್ಲಿ ವಿಮಾನ ಬಿದ್ದ ಕ್ಷಣದ ವಿಡಿಯೊ ನೋಡಿದ್ದೀರಾ ಎಂದು ಕೇಳುವುದು ಇನ್ನೊಂದು. ಅಂಥ ವಿಡಿಯೊವೇ ಇಲ್ಲ. ಅಸಾಧಾರಣ ನೆನಪಿನವರೂ ಉಳಿದವರಷ್ಟೇ ಬಿದ್ದರು. ಏನನ್ನೂ ಮರೆಯದವರ ತಲೆಯೊಳಗೂ ನೆನಪನ್ನು ಪ್ರತಿ ಸಲ ಹೊಸದಾಗಿಯೇ ಕಟ್ಟಲಾಗುತ್ತದೆ. ನ್ಯಾಯಾಲಯದಲ್ಲಿ ಸಾಕ್ಷಿ ತಾರೀಖು, ವಾರ, ಸಮಯ ಎಲ್ಲ ಪಟಪಟ ಹೇಳಿದ ಎಂದು ತಲೆದೂಗುವ ಮುಂಚೆ ಇದನ್ನು ನೆನೆಯುವುದು ಒಳ್ಳೆಯದು.

ಮಿದುಳಿನಲ್ಲಿ ಏನಿದೆ? ಲೆಪೋರ್ಟ್ ತಂಡ ಸ್ಕ್ಯಾನ್ ಮಾಡಿದಾಗ ಕೆಲವು ಭಾಗಗಳ ಆಕಾರದಲ್ಲಿ, ಅವನ್ನು ಬೆಸೆಯುವ ನರತಂತುಗಳಲ್ಲಿ ವ್ಯತ್ಯಾಸ ಸಿಕ್ಕಿತು. ರೂಢಿ, ಗೀಳುಗಳಿಗೆ ಸಂಬಂಧಪಟ್ಟ ಕಾಡೇಟ್ ಅವುಗಳಲ್ಲೊಂದು. ಇವರಲ್ಲಿ ಹಲವರಿಗೆ ವಸ್ತು ಕೂಡಿಡುವ, ಅಚ್ಚುಕಟ್ಟಿಗೆ ಅಂಟಿಕೊಳ್ಳುವ ಸ್ವಭಾವ ಇರುವುದರ ಜೊತೆ ಇದು ಹೊಂದುತ್ತದೆ. ಆದರೆ ಮಿದುಳು ಹಾಗಿದ್ದುದರಿಂದ ಈ ನೆನಪು ಬಂತೋ, ದಿನಗಳನ್ನು ಮೆಲುಕು ಹಾಕಿ ಹಾಕಿ ಮಿದುಳು ಹಾಗಾಯಿತೋ, 11 ಜನರ ಸ್ಕ್ಯಾನಿನಿಂದ ಹೇಳಲಾಗದು. ಲಂಡನ್ನಿನ ಟ್ಯಾಕ್ಸಿ ಚಾಲಕರ ಮಿದುಳಿನಲ್ಲಿ ಹಿಪ್ಪೊಕ್ಯಾಂಪಸ್‌ನ ಹಿಂಭಾಗ ದೊಡ್ಡದಾಗಿದ್ದದ್ದು 2000ದಲ್ಲಿ ವರದಿಯಾದಾಗಲೂ ಇದೇ ಪ್ರಶ್ನೆ ಎದ್ದಿತ್ತು. ಹೋಲಿಸಲು ಇಟ್ಟುಕೊಳ್ಳುವ ಮಾದರಿ ಯಾರದು ಎಂಬುದೂ ಸಣ್ಣ ಮಾತಲ್ಲ. ಗಚ್ಚಿಬೌಲಿಯ ಐಐಐಟಿ ಹೈದರಾಬಾದಿನ ಸಂಶೋಧಕರು 2019ರಲ್ಲಿ 100 ಭಾರತೀಯರ ಸ್ಕ್ಯಾನ್‌ಗಳಿಂದ ಮಿದುಳಿನ ನಕಾಶೆ ತಯಾರಿಸಿದಾಗ, ಜಗತ್ತೆಲ್ಲ ಬಳಸುವ ಪಾಶ್ಚಾತ್ಯ ಮಾದರಿಗಿಂತ ಅದರ ಉದ್ದ, ಅಗಲ, ಎತ್ತರ ಕಡಿಮೆಯಿರುವುದು ಕಂಡಿತು.

ಯಾವಾಗ ಎಂಬ ಪ್ರಶ್ನೆ ಈ ಊರಿನಲ್ಲಿ ಅಪರೂಪದವರಿಗೆ ಮಾತ್ರ ಸೇರಿದ್ದಲ್ಲ. ಪಂಜಗುಟ್ಟದ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಯ ಮರೆವಿನ ಕಾಯಿಲೆಯ ಕ್ಲಿನಿಕ್ಕಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಹೋದ್ಯೋಗಿಗಳು 648 ರೋಗಿಗಳ ದಾಖಲೆ ಪರಿಶೀಲಿಸಿ 2013ರಲ್ಲಿ ಹೆಸರಾಂತ ಪ್ರಬಂಧವೊಂದನ್ನು ಪ್ರಕಟಿಸಿದರು. ಎರಡು ಅಥವಾ ಹೆಚ್ಚು ಭಾಷೆ ಆಡುವ 391 ಜನರಿಗೆ, ಒಂದೇ ಭಾಷೆಯವರಿಗಿಂತ ನಾಲ್ಕೂವರೆ ವರ್ಷ ತಡವಾಗಿ ಕಾಯಿಲೆ ಶುರುವಾಗಿತ್ತು. ಓದುಬರಹ ಬಾರದವರಲ್ಲೂ ಹಾಗೆಯೇ. ತೆಲುಗು, ದಖನಿ, ಕನ್ನಡ, ಮರಾಠಿಗಳ ನಡುವೆ ಸಂತೆ ಮಾಡುವ ಊರಿಗೆ ಇದು ಸಂತೋಷದ ಸುದ್ದಿ. ಕಾಯಿಲೆ ಶುರುವಾದದ್ದು ಯಾವಾಗ ಎಂಬುದು ಮಾತ್ರ ಮನೆಯವರ ಬಾಯಿಂದಲೇ ಬರಬೇಕು. ಮಗನೋ ಸೊಸೆಯೋ ಹಿಂದಕ್ಕೆ ಯೋಚಿಸಿ, ಬೋನಾಲು ಹಬ್ಬದಲ್ಲಿ ದಾರಿ ತಪ್ಪಿದರು, ಮೊಮ್ಮಗನ ಹೆಸರಿಡುವಾಗ ಚೆನ್ನಾಗಿಯೇ ಇದ್ದರು ಎಂದು ಲೆಕ್ಕ ಹಾಕಬೇಕು. ಹಳೆಯ ಘಟನೆಗಳನ್ನು ನಾವು ಇತ್ತೀಚೆಗೆ ಎಳೆದುಕೊಳ್ಳುತ್ತೇವೆ, ಎಲ್ಲರಿಗೂ ಗೊತ್ತಿರುವ ಒಂದು ಘಟನೆಯನ್ನು ಗುರುತಾಗಿ ಕೊಟ್ಟು ಕೇಳಿದರೆ ಈ ತಪ್ಪು ತಗ್ಗುತ್ತದೆ ಎಂದು ಎಲಿಜಬೆತ್ ಲಾಫ್ಟಸ್ 1983ರಲ್ಲೇ ತೋರಿಸಿದ್ದರು. ಎರಡೂ ಗುಂಪಿನ ಮನೆಯವರು ಒಂದೇ ಬಗೆಯಲ್ಲಿ ತಪ್ಪುತ್ತಾರೆ ಎಂದಿಟ್ಟುಕೊಂಡರೆ ಮೇಲಿನ ಫಲಿತಾಂಶ ಅಲುಗಾಡುವುದಿಲ್ಲ. ಆದರೆ ಒಬ್ಬ ರೋಗಿಯ ವಿಚಾರದಲ್ಲಿ ಹಬ್ಬ ಹಿಡಿದು ಕೇಳುವುದಕ್ಕೂ ಇಸವಿ ಹಿಡಿದು ಕೇಳುವುದಕ್ಕೂ ಬಹಳ ಅಂತರವಿದೆ.

ಹಾಗಾದರೆ ಪ್ರೈಸ್‌ನಂಥವರನ್ನು ಹೈದರಾಬಾದಿನಲ್ಲಿ ಹುಡುಕಬೇಕೆಂದರೆ ಏನು ಕೇಳಬೇಕು? ಅರ್ವೈನ್‌ನ ಪ್ರಶ್ನಪತ್ರಿಕೆ ಇಲ್ಲಿ ಮುಖ್ಯವಾಗಿ ಇಂಗ್ಲಿಷ್ ಕ್ಯಾಲೆಂಡರಿನ ಜೊತೆ ಬೆಳೆದವರನ್ನು, ಸುದ್ದಿ ಓದುವವರನ್ನು ಹಿಡಿದೀತು. ಬೋನಾಲು, ಗಣೇಶ ಚೌತಿ ಕೇಳಿದರೆ ಪಂಚಾಂಗ ಬಲ್ಲವರು ಲೆಕ್ಕ ಹಾಕಿ ಹೇಳಿಯಾರು. ಈಸ್ಟರ್‌ಗೂ ಸೂತ್ರವಿದೆ. ನನ್ನ ಆಯ್ಕೆ ರಮ್ಜಾನ್ ಹಬ್ಬ. ಹಿಜರಿ ವರ್ಷ ಚಿಕ್ಕದಾದ್ದರಿಂದ ಪ್ರತಿ ಸಲ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಆದರೂ ಹಬ್ಬ ಇಂಥದೇ ದಿನ ಎಂದು ಮೊದಲೇ ಖಚಿತವಾಗಿ ಹೇಳಲಾಗದು. ಇಪ್ಪತ್ತೊಂಬತ್ತನೆಯ ಉಪವಾಸದ ಸಂಜೆ ನಗರದ ರೂಯತ್-ಎ-ಹಿಲಾಲ್ ಸಮಿತಿ ಕೂತು, ಚಂದ್ರ ಕಂಡನೆಂದು ಸಾಕ್ಷಿ ಬಂದರೆ ಸಾರುತ್ತದೆ, ಬಾರದಿದ್ದರೆ ಇನ್ನೊಂದು ಉಪವಾಸ. ಆ ಸಂಜೆಯ ಮೋಡ ಯಾವ ಸೂತ್ರಕ್ಕೂ ಸಿಗದು. ಲೆಕ್ಕ ಹಾಕುವವನು ಇಪ್ಪತ್ತು ವರ್ಷದ ಪಟ್ಟಿಯಲ್ಲಿ ಅಲ್ಲಲ್ಲಿ ಒಂದೊಂದು ದಿನ ತಪ್ಪುತ್ತಾನೆ. ನೆನಪಿನಿಂದ ಹೇಳುವವರು ಚಂದ್ರ ಕಾಣದ ವರ್ಷಗಳಲ್ಲೂ ಸರಿ ಹೇಳುತ್ತಾರೆ. ಮುಸಲ್ಮಾನರನ್ನೇ ಕೇಳಬೇಕೆಂದಿಲ್ಲ. ಪ್ರೈಸ್‌ಗೆ ಈಸ್ಟರ್ ಹೇಗೋ ಹಾಗೆ, ಹಳೆಯ ಊರಿನ ಹಿಂದೂ ಅಂಗಡಿಕಾರನಿಗೆ ಇದು ಪರೀಕ್ಷೆಯಾಗಬಲ್ಲದು, ಆ ರಾತ್ರಿಗಳಲ್ಲಿ ಅವನ ವ್ಯಾಪಾರವೂ ಚಂದ್ರನನ್ನೇ ಕಾಯುತ್ತಿರುತ್ತದೆ. ತಾಳೆ ನೋಡಲು ಪತ್ರಿಕೆಗಳ ಹಳೆಯ ಸಂಪುಟಗಳಿವೆ. ಸಿಯಾಸತ್ ಒಂದೇ 1949ರ ಆಗಸ್ಟ್ 15ರಿಂದ ನಡೆದು ಬಂದಿದೆ. ಹಬ್ಬದ ದಿನ ತಾನೇನು ಮಾಡಿದೆ ಎಂಬ ಎರಡನೆಯ ಅಂಕಣಕ್ಕೆ, ಡೈರಿ ಬರೆಯದ ಮನೆಗಳಲ್ಲಿ, ಅಂಗಡಿಯ ಖಾತೆ ಪುಸ್ತಕ ಕೇಳಬೇಕಾದೀತು.